ಕಂಟ್ರೋಲ್ ತೋಟದ ಗುತ್ಯಮ್ಮ

ಕವಲೇದುರ್ಗದ ಬುಡದ ಊರಿನಲ್ಲಿ ಗುತ್ಯಮ್ಮನ ಕಾಳುಮೆಣಸಿನ ಬಳ್ಳಿಗಳು ನಲವತ್ತೆರಡಿದ್ದವು. ಈಗ ಒಂದೂ ಇಲ್ಲ. ಹುಳ ತಿಂದು ಹಾಕಿತು ಎಂದು ಊರವರು ಹೇಳುತ್ತಾರೆ. ಊರವರಿಗೇನು, ಬಾಯಿಗೆ ಸುಲಭವಾಗಿ ಬಂದದ್ದನ್ನು ಹೇಳುತ್ತಾರೆ.

ಹೊಸನಗರದ ಕಡೆಯಿಂದ ಮದುವೆಯಾಗಿ ಬಂದ ದಿನ ಅವಳು ಒದ್ದೆ ಗೋಣಿಯಲ್ಲಿ ಸುತ್ತಿದ ಏಳು ಬಳ್ಳಿತುಂಡುಗಳನ್ನು ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ತಂದಿದ್ದಳು. ಅತ್ತೆಗೆ ಅದು ಸರಿಬರಲಿಲ್ಲ. ಅತ್ತೆ ಬಾಯಿಬಿಟ್ಟು ಬೈಯುವವಳಲ್ಲ, ಸಿಟ್ಟು ಬಂದರೆ ಪಾತ್ರೆ ಕುಕ್ಕುವವಳು. ಎಷ್ಟು ಜೋರಾಗಿ ಕುಕ್ಕಿದರೆ ಯಾರ ಮೇಲಿನ ಸಿಟ್ಟು ಎಂಬುದನ್ನು ಗುತ್ಯಮ್ಮ ಆರು ತಿಂಗಳಲ್ಲಿ ಕಲಿತುಬಿಟ್ಟಳು. ಏಳು ಬಳ್ಳಿ ನಲವತ್ತೆರಡಾಯಿತು. ಅಷ್ಟರಲ್ಲಿ ತವರಿನ ಮೂಲಬಳ್ಳಿ ರಸ್ತೆ ಅಗಲ ಮಾಡುವವರ ಜೆಸಿಬಿಗೆ ಸಿಕ್ಕಿತು. ಸಣ್ಣ ಕಾಳಿನ, ಘಾಟು ಜಾಸ್ತಿಯ ಆ ಜಾತಿ ಉಳಿದದ್ದು ಇವಳ ಕೈಯಲ್ಲಿ ಮಾತ್ರ.

ನಾಲ್ಕು ವರ್ಷದ ಹಿಂದೆ ಅಕ್ಕಪಕ್ಕದ ತೋಟಗಳಲ್ಲಿ ಬಳ್ಳಿ ಹಳದಿಗಟ್ಟಿ ಸೊರಗತೊಡಗಿತು. ಆಗ ಒಂದು ಸಂಶೋಧನಾ ಕೇಂದ್ರದ ವಿಜ್ಞಾನಿ ಚೈತ್ರಾ ಜೀಪಿನಲ್ಲಿ ಬಂದಳು. ಬೇರು ಕೆದಕಿ, ಮಣ್ಣು ತುಂಬಿಕೊಂಡು, ಇದು ಕಣ್ಣಿಗೆ ಕಾಣದ ಜಂತುಹುಳದ ಕೆಲಸ ಎಂದಳು. ಗುತ್ಯಮ್ಮನ ಜಗಲಿಯಲ್ಲಿ ಕಾಫಿ ಕುಡಿಯುತ್ತ ಹುಳದ ವಿದ್ಯೆಯನ್ನೆಲ್ಲ ಬಿಡಿಸಿ ಹೇಳಿದಳು. ಆ ಹುಳಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಮೈಯಿಂದ ಒಂದು ಬಗೆಯ ರಸ ಬಿಡುತ್ತದೆ, ಅದೇ ಅದರ ಮಾತು. ಹೆಣ್ಣು ಇಲ್ಲಿದೆ ಬಾ, ಇಲ್ಲಿ ಗುಂಪು ಹೆಚ್ಚಾಯಿತು ಬೇರೆ ಕಡೆ ಹೋಗು, ಎಲ್ಲವನ್ನೂ ಅದರಲ್ಲೇ ಹೇಳಿಕೊಳ್ಳುತ್ತವೆ. ಬಳ್ಳಿಯ ಬೇರಿಗೂ ಆ ಮಾತು ತಿಳಿಯುತ್ತದೆ. ಹುಳ ಬರುವ ಮೊದಲೇ ಆ ರಸವನ್ನು ಒಂದು ತೊಟ್ಟು ನೀರಿಗೆ ಬೆರೆಸಿ ಬುಡಕ್ಕೆ ಹಾಕಿದರೆ, ವೈರಿ ಬಂದನೆಂದು ಬಳ್ಳಿ ಮೈ ಗಟ್ಟಿ ಮಾಡಿಕೊಳ್ಳುತ್ತದೆ.

"ನಮ್ಮತ್ತೆ ಪಾತ್ರೆ ಕುಕ್ಕಿದಂಗೆ," ಎಂದಳು ಗುತ್ಯಮ್ಮ. "ಬೈದಿದ್ದು ಮಾವಂಗೆ, ಹುಷಾರಾಗದು ನಾನು."

ನನ್ನ ವಿದ್ಯಾರ್ಥಿಗಳಿಗೂ ಇಷ್ಟು ಬೇಗ ಅರ್ಥವಾಗಲ್ಲ ಎಂದು ಚೈತ್ರಾ ಹಿರಿಹಿರಿ ಹಿಗ್ಗಿದಳು. ಆ ಹಿಗ್ಗಿನಲ್ಲೇ ಆ ರಸದ ಪ್ರಯೋಗಕ್ಕೆ ತೋಟ ಕೊಡುವ ಫಾರಂ ಹೊರಬಂತು. ಕೇಂದ್ರದ ಸಹಾಯಕ ನಾಗೇಂದ್ರ, ತೀರ್ಥಹಳ್ಳಿಯವನು, ನಲವತ್ತು ದಾಟಿದವನು, ಅದನ್ನು ಬಸ್ಸಿನ ಬೋರ್ಡು ಓದಿದಷ್ಟು ವೇಗದಲ್ಲಿ ಓದಿದ. ಬೇರೆ ಯಾವ ಔಷಧಿಯನ್ನೂ ಹಾಕಬಾರದು, ತುಂಡು ಕಡಿದು ಯಾರಿಗೂ ಕೊಡಬಾರದು, ಬೇರೆ ಕಡೆ ಊರಲೂ ಬಾರದು. ಗುತ್ಯಮ್ಮ ಸಹಿ ಹಾಕಿದಳು.

"ಪಕ್ಕದ ಅಜಿತಕುಮಾರರ ತೋಟ ಟ್ರೀಟ್‌ಮೆಂಟು. ನಿಮ್ದು ಕಂಟ್ರೋಲ್," ಎಂದ ನಾಗೇಂದ್ರ.

"ಹಂಗಾರೆ ಹುಳ ಕಂಟ್ರೋಲಿಗೆ ಬತ್ತದೆ ಅಂತಾಯ್ತು."

ನಾಗೇಂದ್ರ ನಕ್ಕ. ಪ್ರಯೋಗದವರ ಭಾಷೆಯಲ್ಲಿ ಕಂಟ್ರೋಲ್ ಎಂದರೆ ಏನೂ ಕೊಡದೆ ಸುಮ್ಮನೆ ಬಿಟ್ಟ ತೋಟ. ಔಷಧಿ ಕೊಟ್ಟದ್ದರ ಜೊತೆ ಹೋಲಿಸಿ ನೋಡಲಿಕ್ಕೆ. ಅವಳು ತಪ್ಪು ತಿಳಿದಳೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ತಿದ್ದಿದರೆ ಅವಳು ಬೇಡವೆನ್ನುತ್ತಾಳೆ, ಮತ್ತೊಂದು ತೋಟ ಹುಡುಕಿಕೊಂಡು ಗುಡ್ಡ ಹತ್ತಬೇಕು. ಹಾಳಾದವನು ಬಾಯಿ ಮುಚ್ಚಿಕೊಂಡ. ಅಂದಿನಿಂದ ತಿಂಗಳಿಗೊಮ್ಮೆ ಬಂದು ಬಾಟಲಿಯಿಂದ ಅಳೆದು ಅಳೆದು ಅವಳ ಬಳ್ಳಿಗಳಿಗೆ ಬರೀ ನೀರು ಹಾಕಿದ. ಗುತ್ಯಮ್ಮ ಸೆರಗು ಸರಿಮಾಡಿಕೊಂಡು, ದೇವರಿಗೆ ಅಭಿಷೇಕ ಆಗುತ್ತಿದೆಯೇನೋ ಎಂಬಂತೆ ನಿಂತು ನೋಡುತ್ತಿದ್ದಳು.

ಎರಡನೇ ವರ್ಷ ಎಲೆ ಹಳದಿಯಾಯಿತು. ಪಕ್ಕದ ಅಜಿತಕುಮಾರ ಬೇಲಿಯ ಹತ್ತಿರ ಬಂದು, ಗದ್ದೆಗೆ ತಂದ ಬೇವಿನ ಹಿಂಡಿ ಮಿಕ್ಕಿದೆ, ಕಳಿಸಿಕೊಡಲೇ ಎಂದು ಕೇಳಿದ.

"ಬ್ಯಾಡ. ನಂದು ಕಂಟ್ರೋಲಲ್ಲಿ ಅದೆ," ಎಂದಳು ಗುತ್ಯಮ್ಮ, ಜಂಬದಿಂದಲೇ.

ಚೈತ್ರಾ ಬಂದು ಬೇರು ಅಗೆದು ನೋಡಿದಳು. ಬೇರಿನ ತುಂಬ ಗಂಟು. "ತುಂಬಾ ಚೆನ್ನಾಗಿ ಬರ್ತಿದೆ," ಎಂದಳು. ಅವಳು ಹೇಳಿದ್ದು ಪ್ರಯೋಗದ ಲೆಕ್ಕದ ಮಾತು. ಗುತ್ಯಮ್ಮ ಅದನ್ನು ಬಳ್ಳಿಯ ಮಾತೆಂದು ತಿಳಿದು ಮತ್ತೊಂದು ಲೋಟ ಕಾಫಿ ತಂದಳು. ಆ ಮಳೆಗಾಲ ಮುಗಿಯುವಾಗ ಹನ್ನೊಂದು ಬಳ್ಳಿ ಉಳಿದಿದ್ದವು, ಮರುವರ್ಷ ನಾಲ್ಕು. ಒಂದು ಬೆಳಿಗ್ಗೆ ಆ ನಾಲ್ಕರಿಂದ ತುಂಡು ಕಡಿದು ಬೇರೆ ಮಣ್ಣಿಗೆ ಊರೋಣವೆಂದು ಕತ್ತಿ ಹಿಡಿದು ಹೋದಳು. ಸಹಿ ಹಾಕಿದ್ದು ನೆನಪಾಯಿತು. ಕೊಟ್ಟ ಮಾತಿಗೆ ತಪ್ಪುವುದು ಅವಳ ಜಾಯಮಾನದಲ್ಲೇ ಇಲ್ಲ. ಕತ್ತಿ ತಂದು ಸೂರಿಗೆ ಸಿಕ್ಕಿಸಿದಳು. ದೀಪಾವಳಿಯ ಹೊತ್ತಿಗೆ ನಾಲ್ಕೂ ಒಣಗಿದವು.

ಸಾಗರದ ಸಭಾಭವನದಲ್ಲಿ ರೈತರ ಸಭೆ. ಪರದೆಯ ಮೇಲೆ ಎರಡು ಚಿತ್ರ: ಅಜಿತಕುಮಾರನ ಹಸಿರು ಬಳ್ಳಿ, ಗುತ್ಯಮ್ಮನ ಒಣಕಡ್ಡಿ. ಏನೂ ಕೊಡದಿದ್ದರೆ ಹೀಗಾಗುತ್ತದೆ ಎಂದು ಚೈತ್ರಾ ಕೋಲಿನಿಂದ ಕಡ್ಡಿಯನ್ನು ಮುಟ್ಟಿ ತೋರಿಸಿದಳು. ಜನ ಚಪ್ಪಾಳೆ ತಟ್ಟಿದರು. ಮೂರು ವರ್ಷ ಒಂದು ನಿಯಮವನ್ನೂ ಮುರಿಯದ ರೈತ ಮಹಿಳೆ ಎಂದು ಗುತ್ಯಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು.

"ಬಾಟ್ಲೀಲಿ ಎಂತ ಇತ್ತು?" ಅವಳು ಕೇಳಿದ್ದು ನಾಗೇಂದ್ರನನ್ನು. ಅವನು ಶಾಲಿನ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ.

"ನೀರು," ಎಂದ ನೆಲ ನೋಡುತ್ತ.

ಅವಳು ಚೈತ್ರಾಳ ಕಡೆ ತಿರುಗಿದಳು. "ಕಡೀಗೆ ನಾಕು ಬಳ್ಳಿ ಜೀವ ಇತ್ತಲ. ಆವಾಗ ತುಂಡು ಕಡ್ದು ಬೇರೆ ಕಡೆ ಊರಿ ನಿಮ್ಮ ಔಷ್ಧಿ ಹಾಕಿದ್ರೆ ಉಳೀತಿತ್ತಾ?"

ಚೈತ್ರಾ ಸುಳ್ಳು ಹೇಳುವವಳಲ್ಲ. "ಉಳೀತಿತ್ತಮ್ಮ. ಆದ್ರೆ ಅವು ಸಾಯದಿದ್ರೆ ಔಷಧಿ ಕೆಲಸ ಮಾಡುತ್ತೆ ಅಂತ ತೋರಿಸೋದು ಹೇಗೆ? ನಿಮ್ಗೆ ಗೊತ್ತಿತ್ತಲ್ವಾ?"

ಗುತ್ಯಮ್ಮ ಅವಳತ್ತ ಒಂದು ಹೆಜ್ಜೆ ಇಟ್ಟಳು. ಆದರೂ ದನಿ ಏರಲಿಲ್ಲ.

"ಹುಳ ಆದ್ರೂ ಬರೂಕ್ ಮುಂಚೆ ಸುದ್ದಿ ಬಿಡ್ತದೆ ಅಂದ್ರಿ. ನೀವು ಮೂರು ವರ್ಷ ನನ್ನ ಕಾಫಿ ಕುಡುದ್ರಿ."

ಅಷ್ಟರಲ್ಲಿ ಮುಂದಿನ ಹೆಸರು ಕರೆಯಲು ಮೈಕನ್ನು ಆ ಕಡೆಗೆ ಒಯ್ದಿದ್ದರು. ಫೋಟೋದವನು, ಅಮ್ಮ ಸ್ವಲ್ಪ ಇತ್ತ ನೋಡಿ, ಎಂದ.