ಬಿಡುಗಡೆಗೆ ಹದಿನಾಲ್ಕು ದಿನ ಮೊದಲು ನಿಂತ ದನಿ

ಬೆಳಗಿನ ಐದೂವರೆ. ತೆರಕಣಾಂಬಿಯ ಬಸ್ ನಿಲ್ದಾಣದ ಹಿಂದಿನ ಬೀದಿಯ ಮನೆಯೊಂದರಲ್ಲಿ ರಂಗರಾಜು ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಾರೆ. ದೀಪ ಹಾಕಿಲ್ಲ, ಅವರಿಗೆ ಅದರ ಅಗತ್ಯವಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಯಿತು, ಈಗ ನಲವತ್ತಮೂರು. ಪರದೆಯ ಮೇಲಿನ ಪ್ರತಿ ಅಕ್ಷರವನ್ನೂ ಲ್ಯಾಪ್‌ಟಾಪೇ ಅವರಿಗೆ ಓದಿ ಹೇಳುತ್ತದೆ. ಇಂದು ಅದು ಓದುತ್ತಿಲ್ಲ.

ಗುಂಡಿ ಒತ್ತುತ್ತಾರೆ. ಸದ್ದಿಲ್ಲ. ಆರಿಸಿ ಮತ್ತೆ ಚಾಲೂ ಮಾಡುತ್ತಾರೆ. ಸದ್ದಿಲ್ಲ. ಪಕ್ಕದ ಇನ್ನೊಂದು ಲ್ಯಾಪ್‌ಟಾಪನ್ನು ಎಳೆದುಕೊಂಡು ತೆರೆಯುತ್ತಾರೆ. ಅದೂ ಮೂಕ. ಎರಡರಲ್ಲಿ ಎರಡೂ.

“ಕುಮಾರೀ, ಬೇಗ ಬಾ ಇಲ್ಲಿ! ಎರಡೂ ಮಾತು ನಿಲ್ಲಿಸ್ಬುಟ್ಟವೆ!”

ಅಂಗಳ ಗುಡಿಸುತ್ತಿದ್ದ ಹೆಂಡತಿ ಕುಮಾರಿ ಪೊರಕೆ ಹಿಡಿದೇ ಬರುತ್ತಾರೆ. “ನೆನ್ನೆ ತಾನೆ ಆಯುಧ ಪೂಜೆ ಮಾಡಿವ್ನಿ. ಒಂದೇ ದಿನಕ್ಕೆ ಮುನಿಸ್ಕೊಂಡವಾ?”

ರಂಗರಾಜು ಚಾಮರಾಜನಗರದ ಅಂಧ ಮಕ್ಕಳ ಶಾಲೆಯೊಂದರಲ್ಲಿ ವಾರಕ್ಕೆ ಮೂರು ದಿನ ಕಂಪ್ಯೂಟರ್ ಕಲಿಸುತ್ತಾರೆ. ಬೆಳಗಿನ ಹೊತ್ತು ಮಾಡುವ ಕೆಲಸ ಬೇರೆ, ಅದಕ್ಕೆ ಸಂಬಳವಿಲ್ಲ. ಶಾಲೆಯ ಯಂತ್ರಗಳಲ್ಲಿರುವುದು ನಾನಾ ದೇಶಗಳ ಸ್ವಯಂಸೇವಕರು ಕಟ್ಟಿ ಉಚಿತವಾಗಿ ಹಂಚುವ ಆಪರೇಟಿಂಗ್ ಸಿಸ್ಟಂ. ಆರು ತಿಂಗಳಿಗೊಮ್ಮೆ ಅದರ ಹೊಸ ಆವೃತ್ತಿ ಬಿಡುಗಡೆಯಾಗುತ್ತದೆ. ಅದರೊಳಗಿನ ಪ್ಯಾಕೇಜ್‌ಗಳು, ಎಂದರೆ ಬಿಡಿ ತಂತ್ರಾಂಶಗಳು, ಕೇಳಿದವರಿಗೆ ಎರಡು ವಾರಕ್ಕೂ ಕೊಂಚ ಮೊದಲೇ ಸಿಗುತ್ತವೆ. ರಂಗರಾಜು ಕೇಳಿ ಪಡೆಯುತ್ತಾರೆ. ದನಿ ಉಳಿದಿದೆಯೇ ಎಂದು ಪರೀಕ್ಷಿಸುತ್ತಾರೆ. ಕೆಟ್ಟಿದ್ದರೆ ಕಟ್ಟುವವರಿಗೆ ಬರೆಯುತ್ತಾರೆ. ಐದು ವರ್ಷ, ಹತ್ತು ಬಿಡುಗಡೆ, ಮೂವತ್ತೊಂದು ದೋಷ. ಇದು ಹನ್ನೊಂದನೆಯ ಬಿಡುಗಡೆ.

ಇದಕ್ಕಾಗಿಯೇ ಗುಂಡ್ಲುಪೇಟೆಯಲ್ಲಿ ಒಂದೇ ಬಗೆಯ ಎರಡು ಹಳೆಯ ಲ್ಯಾಪ್‌ಟಾಪ್ ಕೊಂಡಿದ್ದಾರೆ. ಒಂದು ಪ್ರಯೋಗಕ್ಕೆ, ಒಂದು ಕೆಲಸಕ್ಕೆ. ಕೈಗೆ ಗುರುತು ಸಿಗಲೆಂದು ಪ್ರಯೋಗದ್ದರ ಚಾರ್ಜರ್ ವೈರಿಗೆ ನೂಲು ಕಟ್ಟಿರುತ್ತಾರೆ. ಹಬ್ಬದ ಹಿಂದಿನ ಸಂಜೆ ಅದಕ್ಕೆ ಹೊಸ ಪ್ಯಾಕೇಜ್‌ಗಳನ್ನು ಹಾಕಿ ಮುಚ್ಚಿಟ್ಟಿದ್ದರು. ಪೂಜೆಯಲ್ಲಿ ಕುಮಾರಿ ಆ ಕೊಳಕು ನೂಲನ್ನು ಕಿತ್ತೆಸೆದು, ದುಡಿಯುವ ಯಂತ್ರಕ್ಕೆ ಮರ್ಯಾದೆ ಸಲ್ಲಬೇಕೆಂದು ಕೆಲಸದ ಲ್ಯಾಪ್‌ಟಾಪಿನ ವೈರಿಗೆ ಅರಿಶಿನದ ದಾರ ಬಿಗಿದರು. ಇಂದು ಎದ್ದೊಡನೆ ರಂಗರಾಜು ದಾರ ಮುಟ್ಟಿ ನೋಡಿ, ಪ್ರಯೋಗದ್ದೆಂದೇ ತಿಳಿದು, ಹೊಸದು ಕಾಣದಿದ್ದಾಗ ಮೊನ್ನೆ ಹಾಕಿದ್ದು ಸರಿಯಾಗಿ ಕೂತಿಲ್ಲವೆಂದುಕೊಂಡು, ಅದಕ್ಕೂ ಅವೇ ಪ್ಯಾಕೇಜ್‌ಗಳನ್ನು ಹಾಕಿಬಿಟ್ಟರು.

ದಾರದ ಸಂಗತಿ ಬಯಲಾದಾಗ ಕುಮಾರಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. “ಅಯ್ಯೋ, ನನ್ ಕೈಯಾರೆ ಮಾಡ್ಬುಟ್ನಲ್ಲ!” ಕೊಂಚ ತಡೆದು ಅವರೇ ದಾರಿ ಹೇಳುತ್ತಾರೆ: “ಶಾಲೆ ಮರಿತಾಯಮ್ಮ ಮೇಡಂಗೆ ಫೋನ್ ಮಾಡಿ, ಹೊಸದು ಹಾಕ್ಬ್ಯಾಡಿ ಅನ್ನಿ. ಮುಗೀತಲ್ಲ?”

“ಅವ್ರ ನಂಬರ್ ನನ್ತಾವ ಐತೆ. ಇದ್ನ ಬಳ್ಸೋ ಮಿಕ್ಕ ಕುರುಡ್ರ ನಂಬರ್ ಯಾರ್ತಾವ ಐತೆ, ಯೋಳು?”

ದೋಷವನ್ನು ತಿಳಿಸಲು ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳು ಇದ್ದಂತೆಯೇ ಬೇಕು. ಕುಮಾರಿ ಓದಿರುವುದು ಕನ್ನಡದಲ್ಲಿ, ಆರನೆಯ ತರಗತಿಯವರೆಗೆ. ಕಣ್ಣು ಹೋಗುವ ಮುನ್ನ ಕಲಿತ ಇಂಗ್ಲಿಷ್ ಅಕ್ಷರಗಳ ಆಕಾರ ರಂಗರಾಜುಗೆ ನೆನಪಿದೆ. ಅವರು ಅಂಗೈ ಚಾಚುತ್ತಾರೆ. ಕುಮಾರಿ ಪರದೆ ನೋಡಿ ಒಂದೊಂದೇ ಆಕಾರವನ್ನು ಬೆರಳಿನಿಂದ ಅಲ್ಲಿ ಬರೆಯುತ್ತಾರೆ.

“ಒಂದು ಕಂಬ. ಬಲಗಡೆ ಹೊಟ್ಟೆ.”

“ಹೊಟ್ಟೆ ಮ್ಯಾಲೋ, ಕೆಳಗೋ?”

“ಕೆಳಗೆ. ಬಸುರಿ ಇದ್ದಂಗದೆ.”

ನೂರ ಎಂಬತ್ತೇಳು ಅಕ್ಷರಕ್ಕೆ ಐವತ್ತೆರಡು ನಿಮಿಷ ಹಿಡಿಯುತ್ತದೆ. ಚಾಮರಾಜನಗರದ ಬಸ್ಸು ತಪ್ಪುತ್ತದೆ. ರಂಗರಾಜು ಬೆರಳಿನ ಅಭ್ಯಾಸವನ್ನೇ ನಂಬಿ ವರದಿ ಟೈಪು ಮಾಡಿ ಕಳುಹಿಸುತ್ತಾರೆ.

ಮೂರನೆಯ ದಿನ ಬಂದ ಉತ್ತರವೂ ಅಂಗೈಯ ಮೂಲಕವೇ ಬರಬೇಕು. ಅರ್ಧ ಸಾಲು ಆಗುವಷ್ಟರಲ್ಲಿ ರಂಗರಾಜು ಕೈ ಹಿಂದೆಗೆದುಕೊಳ್ಳುತ್ತಾರೆ. ಈ ದೋಷವನ್ನು ತಿಳಿಸಿದವರು ನೀವೊಬ್ಬರೇ, ಎಂದಿದೆ. ಪ್ಯಾಕೇಜ್‌ಗಳನ್ನು ಮೊದಲೇ ಪಡೆದ ನೂರಾರು ಮಂದಿಗೆ ಕಣ್ಣಿತ್ತು. ಪರದೆ ಕಂಡಿತು, ಎಲ್ಲವೂ ಸರಿಯಾಗಿದೆ ಎಂದರು.

“ಪ್ರಪಂಚಕ್ಕೆಲ್ಲ ನಾನೊಬ್ನೇಯಾ ಕುಮಾರಿ? ಆವತ್ತು ನಂಗೆ ಸೋಮಾರಿತನ ಬಂದಿದ್ರೆ?”

ಅಂದು ಅವರು ಊಟ ಮಾಡುವುದಿಲ್ಲ. ಯಂತ್ರ ಮೂಕವಾದಾಗ ಇಷ್ಟು ಬೆವರಿರಲಿಲ್ಲ ಎನ್ನುತ್ತಾರೆ.

ಒಂಬತ್ತನೆಯ ದಿನ ತಿದ್ದಿದ ಪ್ಯಾಕೇಜ್ ಬರುತ್ತದೆ. ಯಂತ್ರ ಗೊರಗೊರ ಎಂದು ಒಂದು ಮಾತಾಡುತ್ತದೆ: ಬ್ಯಾಟರಿ ನೂರಕ್ಕೆ ಹನ್ನೆರಡು. “ಬಂದ್ ತಕ್ಷಣ ಊಟ ಕೇಳ್ತಾ ಅದೆ,” ಎಂದು ಕುಮಾರಿ ವೈರು ಸಿಕ್ಕಿಸುತ್ತಾರೆ. ಬಿಡುಗಡೆ ನಿಗದಿಯ ದಿನವೇ ಆಗುತ್ತದೆ.

ಬಿಡುಗಡೆಯಾಗಿ ಈಗ ಹನ್ನೆರಡು ದಿನ. ರಂಗರಾಜು ಬೆಳಿಗ್ಗೆ ಮೊದಲು ಕೇಳಿಸಿಕೊಳ್ಳುವುದು ದೂರುಗಳ ಪುಟವನ್ನು. ದನಿ ನಿಂತಿತೆಂದು ಬರೆದವರು ಸೊನ್ನೆ. ಉಪಕಾರವಾಯಿತೆಂದು ಬರೆದವರೂ ಸೊನ್ನೆ.

“ಅಷ್ಟು ಒದ್ದಾಡಿದ್ರೂ ಒಬ್ರಾದ್ರೂ ನಿಮ್ ಹೆಸ್ರು ಎತ್ನಿಲ್ವಲ್ಲ,” ಎನ್ನುತ್ತಾರೆ ಕುಮಾರಿ.

“ಎಂಗೆ ಎತ್ತಾರು? ಅವ್ರ ಮನೇಲಿ ಏನೂ ಆಗ್ಲೇ ಇಲ್ವಲ್ಲ ಕಣಮ್ಮಿ.”