ಎತ್ತು ತಿಂದ ಝೇಂಡಾ

“ಝೇಂಡಾ ಎಲ್ಲೈತಲೇ?” ಎಂದು ಮಸ್ಕಿ ನಾಕಾದ ಜವಾನ ಲಾಠಿ ಎತ್ತಿ ಬಂಡಿ ತಡೆದಾಗ, ನಮ್ಮ ಎಡಗಡೆಯ ಎತ್ತು ಅದರ ಕೊನೆಯ ಚೂರನ್ನು ಅಗಿಯುತ್ತಿತ್ತು.

ಅದು ನಿಜಾಮರ ಕಾಲ. ಸಂತೆಗೆ ಬರುವ ಬಂಡಿಗಳೆಲ್ಲ ಸರಕಾರದ ಹಳದಿ ಝೇಂಡಾ ಕಟ್ಟಿಕೊಂಡೇ ಬರಬೇಕೆಂದು ಡಂಗುರ ಸಾರಿದ್ದರು. ನಮ್ಮ ಮಾವನವರು ಬೀಜ ಬಿತ್ತುವ ಕೂರಿಗೆಯ ಬಿದಿರು ಕೊಳವೆಯೊಂದನ್ನು ಬಿಚ್ಚಿ ನೊಗದ ನಟ್ಟನಡುವೆ ಹಗ್ಗದಿಂದ ಬಿಗಿದರು. ಅರಿಸಿಣದಲ್ಲಿ ಅದ್ದಿದ ಧೋತರದ ತುಂಡೇ ಝೇಂಡಾ. ಅದಕ್ಕೊಂದು ಕೋಲು ಬೇಕಲ್ಲ? ಹಗುರಾಗಿರಲೆಂದು ಹಸಿ ಜೋಳದ ದಂಟನ್ನು ಕೊಳವೆಗೆ ಸಿಕ್ಕಿಸಿದ್ದರು, ಪುಣ್ಯಾತ್ಮರು! ಎರಡು ಎತ್ತುಗಳ ಮೂತಿಯ ನಡುವೆ ಅದೆಷ್ಟು ಹೊತ್ತು ನಿಂತೀತು? ದಂಟಿನ ಜೊತೆ ಬಟ್ಟೆಯೂ ಹೋಯಿತು.

ಮಾವನವರು ಖಾಲಿ ಕೊಳವೆಯೊಳಗೆ ಬೆರಳು ಹಾಕಿ ತಡಕಾಡಿದರು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಂಡು, “ಹೊಟ್ಟ್ಯಾಗ ಐತ್ರಿ ಸಾಹೇಬ್ರ. ಸಲಾಂ ಹೊಡೀಬೇಕಂದ್ರ ಎತ್ತಿಗೇ ಹೊಡೀರಿ” ಎಂದರು. ಹೊಸ ಸೊಸೆಯಾದ ನಾನು ಸೆರಗು ಬಾಯಿಗಿಟ್ಟುಕೊಂಡೆ. ಹಿಂದಿನ ಬಂಡಿಯವರು ಗೊಳ್ಳೆಂದು ನಕ್ಕರು. ಜವಾನನೂ ಮೀಸೆಯೊಳಗೇ ನಕ್ಕು ದಾರಿ ಬಿಟ್ಟ.

ಮೂರ್ನಾಲ್ಕು ದಿನಕ್ಕೆ ಅತ್ತೆ ಗೋಡೆಗೆ ತಟ್ಟಿದ ಸೆಗಣಿಯ ಕುಳ್ಳಿನಲ್ಲಿ ಹಳದಿ ಚಿಂದಿಯೊಂದು ಇಣುಕಿತು. ಮನೆಮನೆಗೂ ಝೇಂಡಾ ಏರಿಸಬೇಕೆಂದು ಡಂಗುರದವನು ಮತ್ತೆ ಬಂದಾಗ, ಅತ್ತೆ ಆ ಗೋಡೆ ತೋರಿಸಿದರು: “ನಾವು ಆಗ್ಲೇ ಏರ್ಸೀವಪ್ಪಾ.”