ಮೂಲೆಯಲ್ಲಿ ಉಳಿದ ಬೆಳ್ಳಿ

ಬೀದಿದೀಪ ಇನ್ನೂ ಆರಿಲ್ಲ. ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನ ಹಿಂಬಾಗಿಲ ಬೀಗ ತೆಗೆದು ಒಳಬಂದ ಹೆಂಗಸು ತಲೆಗೂದಲನ್ನು ಬಟ್ಟೆಯಲ್ಲಿ ಬಿಗಿದುಕೊಳ್ಳುತ್ತಾರೆ, ಏಪ್ರನ್ ಕಟ್ಟಿಕೊಳ್ಳುತ್ತಾರೆ. ಶೆಲ್ಫಿನ ಮೇಲೆ ಸಾಲಾಗಿ ಹಲ್ಲು ಕಿರಿಯುತ್ತಿರುವ ಪ್ಲಾಸ್ಟರ್ ದವಡೆಗಳ ಕಡೆ ತಿರುಗಿ, "ಏನ್ರಪ್ಪಾ, ನನಗಿಂತ ಮೊದಲೇ ಎದ್ದುಬಿಟ್ರಾ?" ಎಂದು ವಿಚಾರಿಸುತ್ತಾರೆ. ಆಮೇಲೆ ಕುಲುಮೆಯ ಸ್ವಿಚ್ ಒತ್ತುತ್ತಾರೆ. ಒಂಬತ್ತು ಗಂಟೆಯಿಂದ ಈ ಕುಲುಮೆ ಹಲ್ಲಿನ ಸೇವೆಗೆ ಮೀಸಲು. ಅಲ್ಲಿಯವರೆಗೆ ಅದು ಇವರ ಬೆಳ್ಳಿಯದ್ದು.

ಬೀದಿಯವರಿಗೆಲ್ಲ ಇವರು ಪುಡಿಯಕ್ಕ. ಹಗಲು ಈ ಲ್ಯಾಬಿನಲ್ಲಿ ಹಲ್ಲು ಮಾಡುತ್ತಾರೆ, ಭಾನುವಾರ ಮನೆಯ ಹಿಂದಿನ ಕೋಣೆಯಲ್ಲಿ ಬೆಳ್ಳಿಯ ಒಡವೆ ಮಾಡುವುದನ್ನು ಕಲಿಸುತ್ತಾರೆ. ಬೇರೆ ದಿನಗಳಲ್ಲಾದರೆ ಟ್ರೇ ತುಂಬ ಓಲೆ, ಪದಕ, ಉಂಗುರ ಇರುತ್ತವೆ. ಇವತ್ತು ಇರುವುದು ಒಂದೇ ಒಂದು ಪಟ್ಟಿ. ಬೆರಳುದ್ದ, ಬಿಸ್ಕತ್ತಿನ ಹಾಗೆ ಒಣಗಿದೆ, ಮೇಲೆ ಸಾಲಾಗಿ ಅಂಗಿಗುಂಡಿಯ ಅಚ್ಚು. ಮಾಡಿದವರು ಅವರ ಶಿಷ್ಯೆ, ನಿವೃತ್ತ ಬಸ್ ಕಂಡಕ್ಟರ್. ಗುಂಡಿ ಅವರ ಹಳೇ ಯೂನಿಫಾರ್ಮಿನದು. ಮಧ್ಯಾಹ್ನದ ಹೊತ್ತಿಗೆ ಪುಡಿಯಕ್ಕನ ಅಪ್ಪ ಈ ಪಟ್ಟಿಯನ್ನು ಬಗ್ಗಿಸಿ ನೋಡುತ್ತಾರೆ. ಮುರಿಯದಿದ್ದರೆ ಬೆಳ್ಳಿ ಕೆಲಸದವರ ಬೀದಿಯ ವರ್ಷದ ಪ್ರದರ್ಶನದಲ್ಲಿ ಇವರ ಶಿಷ್ಯರಿಗೆ ಒಂದು ಟೇಬಲ್. ಮುರಿದರೆ ಆ ಮಾತನ್ನೇ ಇನ್ನು ಎತ್ತುವ ಹಾಗಿಲ್ಲ.

ಅಪ್ಪ ಆ ಬೀದಿಯ ಸಂಘಕ್ಕೆ ಹಿರಿಯರು. ಸುತ್ತಿಗೆಯ ಪೆಟ್ಟು ತಿನ್ನದ್ದು ಬೆಳ್ಳಿಯೇ ಅಲ್ಲ ಅನ್ನುವುದು ಅವರ ವಾದ. ಮಗಳಿಗೂ ಹಠ ಕಡಿಮೆಯಿಲ್ಲ. ಇರದೆ ಏನು ಹೇಳಿ, ಅದೇ ರಕ್ತ!

ಪುಡಿಯಕ್ಕ ಮಾಡುವ ಕೆಲಸದಲ್ಲಿ ಮಾಯಾಜಾಲ ಏನೂ ಇಲ್ಲ. ಸಿಲ್ವರ್ ಕ್ಲೇ ಅಂತ ಮಾರುತ್ತಾರೆ, ಇವರ ಬಾಯಲ್ಲಿ ಅದು ಬೆಳ್ಳಿಮಣ್ಣು. ಹಿಟ್ಟಿಗಿಂತ ನುಣ್ಣಗಿನ ಬೆಳ್ಳಿ ಪುಡಿ, ಒಂಚೂರು ನೀರು, ಎರಡನ್ನೂ ಹಿಡಿದಿಡುವ ಅಂಟು. ಲಟ್ಟಿಸಬಹುದು, ಕತ್ತರಿಸಬಹುದು, ಎಲೆಯನ್ನೋ ಗುಂಡಿಯನ್ನೋ ಒತ್ತಿ ಅಚ್ಚು ಮೂಡಿಸಬಹುದು. ಒಣಗಿಸಿ ಕುಲುಮೆಗೆ ಇಟ್ಟರೆ ಅಂಟು ಸುಟ್ಟುಹೋಗುತ್ತದೆ, ಪುಡಿಯ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿ ಬೆಳ್ಳಿಯಾಗುತ್ತವೆ. ಹಾಗಾಗುವಾಗ ವಸ್ತು ಕುಗ್ಗುತ್ತದೆ. ಈ ಮಾತನ್ನು ಕಿವಿಗೆ ಹಾಕಿಕೊಳ್ಳದೆ ತಮ್ಮ ಬೆರಳಿನ ಅಳತೆಗೇ ಉಂಗುರ ಮಾಡಿದವರು ಆಮೇಲೆ ಅದನ್ನು ಮಗಳ ಬೆರಳಿಗೆ ತೊಡಿಸಿ ಸಮಾಧಾನ ಮಾಡಿಕೊಳ್ಳುತ್ತಾರೆ.

ಪುಡಿಗೂ ಇವರಿಗೂ ಚಿಕ್ಕಂದಿನ ನಂಟು. ಅಪ್ಪನ ಅಂಗಡಿಯಲ್ಲಿ ಅಣ್ಣಂದಿರಿಬ್ಬರಿಗೆ ಸುತ್ತಿಗೆ ಸಿಕ್ಕಿತು, ಹುಡುಗಿಗೆ ಬ್ರಷ್ ಸಿಕ್ಕಿತು. ದಿನವೂ ಸಂಜೆ ಅರ ಹಾಕಿ ಉದುರಿದ ಬೆಳ್ಳಿ ಪುಡಿಯನ್ನು ಕೆಲಸದ ಹಲಗೆಯಿಂದ, ನೆಲದಿಂದ, ಅಪ್ಪ ಕೂರುತ್ತಿದ್ದ ಚಾಪೆಯ ಸಂದಿಯಿಂದ ಗುಡಿಸಿ ಕಾಗದದ ಪೊಟ್ಟಣ ಕಟ್ಟಬೇಕು. ಆ ಪುಡಿ ಮತ್ತೆ ಕರಗಿ ಗಟ್ಟಿಯಾಗುತ್ತಿತ್ತು. ಎಷ್ಟು ಗುಡಿಸಿದರೂ ಅಪ್ಪ ತಲೆಯೆತ್ತದೆ ಒಂದೇ ಮಾತು ಹೇಳುತ್ತಿದ್ದರು: "ಮೂಲೇಲಿ ಇನ್ನೂ ಇದೆ ನೋಡು."

"ಇರ್ತಿತ್ತು ಕೂಡ! ಅದಕ್ಕೇ ಸಿಟ್ಟು ಬರ್ತಿದ್ದಿದ್ದು," ಎಂದು ಪುಡಿಯಕ್ಕ ನಗುತ್ತಾರೆ.

ಒಮ್ಮೆ ಅಪ್ಪ ಊಟಕ್ಕೆ ಹೋದಾಗ ಕದ್ದು ಕೂತು ತಂತಿಯ ತುಂಡಿನಿಂದ ಒಂದು ಉಂಗುರ ಮಾಡಿದ್ದಳು ಹುಡುಗಿ. ಬೆಸುಗೆ ಸ್ವಲ್ಪ ಸೊಟ್ಟ. ಅಪ್ಪ ಬೈಯಲಿಲ್ಲ. ಉಂಗುರವನ್ನು ದೊಡ್ಡಣ್ಣನ ಕೈಗಿಟ್ಟು, "ಇದನ್ನ ಸರಿ ಮಾಡು," ಅಂದರು. ಅಣ್ಣ ಸರಿ ಮಾಡಿದ. ಉಂಗುರ ಮಾರಾಟವಾಯಿತು. "ಬೈದಿದ್ರೆ ಮರೆತುಬಿಡ್ತಿದ್ದೆ. ನನ್ನ ಕೆಲಸಕ್ಕೆ ಬೇರೆಯವರ ಕೈ ಹಾಕಿಸಿದ್ರಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತೆ." ಅದಕ್ಕೇ ಇವರ ತರಗತಿಯಲ್ಲಿ ಒಂದು ಕಟ್ಟುನಿಟ್ಟು: ಶಿಷ್ಯರ ಕೆಲಸವನ್ನು ಪುಡಿಯಕ್ಕ ಮುಟ್ಟುವುದಿಲ್ಲ. ಬಾಯಲ್ಲಿ ಹೇಳುತ್ತಾರೆ, ಬೇರೊಂದು ಉಂಡೆಯಲ್ಲಿ ಮಾಡಿ ತೋರಿಸುತ್ತಾರೆ. ಅವರದ್ದಕ್ಕೆ ಕೈ ಹಾಕುವುದಿಲ್ಲ ಅಂದರೆ ಹಾಕುವುದಿಲ್ಲ.

ಬೆಳೆದ ಮೇಲೆ ಹಲ್ಲಿನ ಲ್ಯಾಬಿಗೆ ಸೇರಿದರು. ಅಲ್ಲಿಗೆ ಹೊಸ ಕುಲುಮೆ ತಂದ ಕಂಪನಿಯವನು ಇದರಲ್ಲಿ ಏನೇನು ಸುಡಬಹುದು ಎಂದು ತೋರಿಸಲು ಬೆಳ್ಳಿಮಣ್ಣಿನ ಪುಟ್ಟ ಉಂಡೆಯೊಂದನ್ನು ಬಿಚ್ಚಿದ. ಎಲ್ಲರೂ ನೋಡಿ ಆಹಾ ಓಹೋ ಅಂದು ತಮ್ಮ ತಮ್ಮ ಹಲ್ಲುಗಳಿಗೆ ಮರಳಿದರು. ಇವರೊಬ್ಬರು ಕಾಲು ಕೀಳಲಿಲ್ಲ. "ನಾನು ಗುಡಿಸಿ ಗುಡಿಸಿ ಕೊಟ್ಟ ಪುಡಿ ಅದು! ಕರಗಿಸೋದು ಬೇಡ, ಬಡಿಯೋದು ಬೇಡ, ಪುಡಿಯಾಗಿದ್ದೇ ಒಡವೆ ಆಗುತ್ತೆ ಅಂದ. ಕಣ್ಣಲ್ಲಿ ನೀರೇ ಬಂತು. ಕುಲುಮೆ ಶಾಖಕ್ಕೆ ಅಂತ ಸುಳ್ಳು ಹೇಳಿದೆ." ಲ್ಯಾಬಿನ ಯಜಮಾನನ ಹಿಂದೆ ಬಿದ್ದು ಮುಂಜಾನೆಯ ಕುಲುಮೆ ಕೇಳಿ ಪಡೆದರು. ಆತನದು ಒಂದೇ ಷರತ್ತು: ಯಾರಾದರೂ ನಕ್ಕಾಗ ಬೆಳ್ಳಿಯ ಹಲ್ಲು ಕಾಣಬಾರದು.

ಮೊದಲ ಸಲ ಅಪ್ಪನ ಮುಂದೆ ಹೋದದ್ದು ತಮ್ಮದೇ ಕೈಯ ಪಟ್ಟಿ ಹಿಡಿದು. ಪ್ರದರ್ಶನ ಹತ್ತಿರ ಬಂದಿದೆ ಎಂಬ ಆತುರ. ಮನೆಯಲ್ಲೇ ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚಿನ ಬೆಂಕಿಯಲ್ಲಿ ನಾಲ್ಕು ನಿಮಿಷ ಸುಟ್ಟು, ಉಜ್ಜಿ ಹೊಳಪು ಕೊಟ್ಟು ಒಯ್ದಿದ್ದರು. ನೋಡಲು ಚೆಂದವಿತ್ತು, ಒಳಗಿನ ಪುಡಿ ಸರಿಯಾಗಿ ಬೆಸೆದಿರಲಿಲ್ಲ. ಅಪ್ಪ ಹೆಬ್ಬೆರಳಿಟ್ಟು ಒತ್ತಿದರು. ಟಕ್ ಅಂತು. ಬೀದಿಯ ಗಂಡಸರೆಲ್ಲ ನೆರೆದಿದ್ದರು. "ಬಿಸ್ಕತ್ತು ಇದು, ಮನೆಗೆ ಹೋಗಿ ಟೀಲಿ ಅದ್ದ್ಕೊಂಡು ತಿನ್ನು," ಅಂದರು ಅಪ್ಪ. ನಗು ಅಂಗಡಿ ದಾಟಿ ಬೀದಿಗೆ ಬಂತು. ಮಗಳು ಎರಡೂ ತುಂಡು ಆರಿಸಿಕೊಂಡು, ಹಲಗೆಯ ಮೇಲೆ ಉದುರಿದ್ದನ್ನೂ ಬೆರಳಲ್ಲಿ ಒತ್ತಿ ತೆಗೆದುಕೊಂಡು ಮನೆಗೆ ಬಂದರು. ಅಂದಿನಿಂದ ಅವರ ಕೈಯಲ್ಲಾಗಲಿ ಶಿಷ್ಯರ ಕೈಯಲ್ಲಾಗಲಿ ಎರಡು ಗಂಟೆ ಪೂರ್ತಿ ಸುಡುವ ಮೊದಲು ಕುಲುಮೆಯ ಬಾಗಿಲು ತೆರೆದಿಲ್ಲ.

ಈ ವರ್ಷ ಮತ್ತೆ ಕೇಳಿದಾಗ ಅಪ್ಪ ಹೊಸ ಪಟ್ಟು ಹಾಕಿದರು. "ನಿನ್ನದು ಬೇಡ. ನೀನು ಬೆಳ್ಳಿ ನಡುವೆ ಬೆಳೆದೋಳು. ನಿನ್ನ ಹತ್ರ ಕಲಿತವರು ಮಾಡಿದ್ದು ತಾ. ಅದನ್ನ ನೋಡ್ತೀನಿ."

ಶಿಷ್ಯರು ಆರು ಮಂದಿ. ಮಾಡಿದ್ದನ್ನು ಚೀಲದಲ್ಲಿ ಹಾಕಿಕೊಂಡು ಮಾರಲು ಮನೆಮನೆ ತಿರುಗುತ್ತಾರೆ. ಮಣ್ಣಿನಿಂದ ಮಾಡಿದ್ದು ಅಂದೊಡನೆ ಜನ ಮೂಗು ಮುರಿಯುತ್ತಾರೆ. ಬೆಳ್ಳಿ ಬೀದಿಯಲ್ಲೇ ಟೇಬಲ್ ಸಿಕ್ಕರೆ ಆ ಅನುಮಾನ ಅಲ್ಲಿಗೆ ಮುಗಿಯಿತು. ಕಂಡಕ್ಟರಮ್ಮನ ಆಸೆ ಇನ್ನೂ ಸರಳ: "ಬಸ್ಸು ತುಂಬ ಸೀಟು, ನನಗೊಂದು ಸೀಟಿಲ್ಲ. ಹಾಗೇ ನಿಂತು ನಿಂತು ಸರ್ವೀಸ್ ಮುಗಿಸಿದೋಳು ನಾನು. ಟೇಬಲ್ ಹಿಂದೆ ಕುರ್ಚಿ ಹಾಕ್ಕೊಂಡು ಕೂತು ವ್ಯಾಪಾರ ಮಾಡ್ಬೇಕು. ಬಂದವರು ನಿಂತಿರಲಿ!"

ಕುಲುಮೆ ಬಿಸಿಯೇರುತ್ತಿದೆ. ಪುಡಿಯಕ್ಕ ಪಟ್ಟಿಯನ್ನು ಹಲ್ಲು ಪರೀಕ್ಷಿಸುವ ದೀಪದ ಕೆಳಗೆ ಹಿಡಿಯುತ್ತಾರೆ. ಮೂರನೇ ಗುಂಡಿಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಹೀಗೇ ಸುಟ್ಟರೆ ಬಗ್ಗಿಸುವಾಗ ಮುರಿಯುವುದು ಅಲ್ಲೇ.

ನೀರು ಬೆರೆಸಿದ ಬೆಳ್ಳಿಮಣ್ಣಿನ ಡಬ್ಬಿ ಪಕ್ಕದಲ್ಲೇ ಇದೆ, ಸಣ್ಣ ಕುಂಚವೂ ಇದೆ. ಒಂದು ತೊಟ್ಟು ಸವರಿದರೆ ಆಯಿತು, ನೋಡುವವರು ಯಾರೂ ಇಲ್ಲ. ಆ ದವಡೆಗಳು ಬಾಯಿ ಬಿಟ್ಟರೂ ಮಾತಾಡುವಂಥವಲ್ಲ. ಪುಡಿಯಕ್ಕ ಕುಂಚ ಎತ್ತುತ್ತಾರೆ. ಕೈ ಪಟ್ಟಿಯ ಹತ್ತಿರ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ. "ಥೂ, ಹಾಳಾಗ್ಲಿ!" ಎಂದು ಕುಂಚ ಕೆಳಗಿಟ್ಟು ಫೋನ್ ತೆಗೆದುಕೊಳ್ಳುತ್ತಾರೆ.

ಕಂಡಕ್ಟರಮ್ಮ ಮೊದಲ ಬಸ್ಸಿಗೇ ಬರುತ್ತಾರೆ, ಏದುಸಿರು ಬಿಡುತ್ತ. "ನೀವೇ ಒಂಚೂರು ಹಚ್ಚಬಾರದಿತ್ತಾ? ನನ್ನ ಕೈ ನಡುಗ್ತಿದೆ."

"ನಡುಗಲಿ. ಓಡೋ ಬಸ್ಸಲ್ಲಿ ಚಿಲ್ಲರೆ ಎಣಿಸಿದ ಕೈ ಅದು. ಕೂತ್ಕೊಳ್ಳಿ. ತೊಟ್ಟು ಸಣ್ಣದಿರಲಿ. ಬಿರುಕಿನ ಉದ್ದಕ್ಕೆ ಎಳೀಬೇಡಿ, ಒಳಕ್ಕೆ ಒತ್ತಿ. ಹಾಂ, ಹಾಗೆ."

ಪುಡಿಯಕ್ಕ ಎರಡೂ ಕೈಗಳನ್ನು ಏಪ್ರನ್ನಿನ ಜೇಬಿಗೆ ತುರುಕಿಕೊಂಡು ನಿಂತಿದ್ದಾರೆ. ತವಕ ತಡೆಯಲಾಗದೆ ಜೇಬಿನೊಳಗೇ ಬೆರಳುಗಳು ಆಡುತ್ತಿವೆ. ತೇಪೆ ಒಣಗುತ್ತದೆ, ಕಂಡಕ್ಟರಮ್ಮ ಉಜ್ಜಿ ನಯ ಮಾಡುತ್ತಾರೆ, ಪಟ್ಟಿ ಕುಲುಮೆ ಸೇರುತ್ತದೆ. ಎರಡು ಗಂಟೆ ಇಬ್ಬರೂ ಬಾಗಿಲ ಕಾವಲು. ಹೊರಬಂದಾಗ ಪಟ್ಟಿ ಸುಣ್ಣದ ಹಾಗೆ ಬೆಳ್ಳಗಿದೆ. ತಂತಿ ಬ್ರಷ್ಷಿನಿಂದ ನಾಲ್ಕು ಸಲ ಉಜ್ಜಿದ್ದೇ ತಡ, ಒಳಗಿಂದ ಬೆಳ್ಳಿ ಕಣ್ಣು ಬಿಡುತ್ತದೆ. ಎಷ್ಟು ಸಲ ನೋಡಿದರೂ ಪುಡಿಯಕ್ಕನಿಗೆ ಆ ಗಳಿಗೆ ಹಳತಾಗಿಲ್ಲ.

ಅಪ್ಪನ ಅಂಗಡಿಯಲ್ಲಿ ಈ ಸಲವೂ ಜನ ಸೇರಿದ್ದಾರೆ. ಅಪ್ಪ ಪಟ್ಟಿಯನ್ನು ಸುತ್ತಿಗೆ ಬಡಿಯುವ ಅಡಿಗಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುತ್ತಾರೆ. ಕಬ್ಬಿಣದ ಸರಳಿಗೆ ಒತ್ತಿ ಅರ್ಧಚಂದ್ರದ ಹಾಗೆ ಬಗ್ಗಿಸುತ್ತಾರೆ. ಮುರಿಯಲಿಲ್ಲ. ನೆಟ್ಟಗೆ ಮಾಡಿ ಮತ್ತೆ ಬಗ್ಗಿಸುತ್ತಾರೆ, ಬೇಕೆಂದೇ ಮೂರನೇ ಗುಂಡಿಯ ಹತ್ತಿರ. ಹದ್ದಿನ ಕಣ್ಣು, ತೇಪೆ ಅವರಿಗೆ ಕಂಡಿದೆ! ಪಟ್ಟಿ ಬಾಗಿತು, ಬಿರಿಯಲಿಲ್ಲ.

"ಇಲ್ಲಿ ಬಿರುಕಿತ್ತು. ತೇಪೆ ಹಾಕಿದ್ದು ಯಾರು?" ಎಂದು ಅಪ್ಪ ಮಗಳನ್ನೇ ದಿಟ್ಟಿಸುತ್ತಾರೆ.

"ನಾನು," ಎನ್ನುತ್ತಾರೆ ಕಂಡಕ್ಟರಮ್ಮ. "ಇವರಿಗೆ ಫೋನ್ ಮಾಡೋಕೆ ಆಗುತ್ತಂತೆ, ಒಂದು ತೊಟ್ಟು ಹಚ್ಚೋಕೆ ಆಗಲ್ಲವಂತೆ. ಬೆಳಿಗ್ಗೆ ಬೆಳಿಗ್ಗೆ ನನ್ನನ್ನ ಓಡಿಬರೋ ಹಾಗೆ ಮಾಡಿದ್ರು. ಬೇರೆಯವರ ಕೆಲಸ ಮುಟ್ಟಲ್ಲ ಅಂತಾರೆ."

ಅಪ್ಪ ಪಟ್ಟಿಯನ್ನು ತಿರುವಿ ತಿರುವಿ ನೋಡುತ್ತಾರೆ. ಆ ಹಳೇ ಉಂಗುರ ಅವರಿಗೆ ನೆನಪಾಯಿತೋ ಇಲ್ಲವೋ, ಮುಖ ನೋಡಿ ಹೇಳುವುದು ಕಷ್ಟ. ಕೊನೆಗೆ ಪಟ್ಟಿಯನ್ನು ಕಂಡಕ್ಟರಮ್ಮನ ಕೈಗೇ ಕೊಟ್ಟು, "ಟೇಬಲ್ ಗೋಡೆ ಪಕ್ಕ ಹಾಕ್ಕೊಳ್ಳಿ. ಫ್ಯಾನ್ ಕೆಳಗೆ ಬೇಡ, ನಿಮ್ಮ ಪುಡಿ ಹಾರುತ್ತೆ," ಅನ್ನುತ್ತಾರೆ.

"ಅಪ್ಪನ ಮೇಲಿನ ಕೋಪ ಹೋಯ್ತಾ?" ಎಂದು ಯಾರಾದರೂ ಕೇಳಿದರೆ ಪುಡಿಯಕ್ಕ ಖಡಾಖಂಡಿತವಾಗಿ ಅಡ್ಡಡ್ಡ ತಲೆಯಾಡಿಸುತ್ತಾರೆ. "ಇಲ್ಲ. ಒಂದು ಟೇಬಲ್ಲಿಗೆಲ್ಲ ಹೋಗೋ ಕೋಪ ಅಲ್ಲ ಅದು. ಆದ್ರೆ ಖುಷಿಯಾಗಿದೆ. ಎರಡೂ ಇರಲಿ ಬಿಡಿ, ಜಾಗ ಇದೆ."

ಮುಂದಿನ ಭಾನುವಾರದ ತರಗತಿಗೆ ಕರೆಯದ ಅತಿಥಿಯೊಬ್ಬರು ಬರುತ್ತಾರೆ. ಅಪ್ಪ ಕೋಲು ಊರಿಕೊಂಡು ಬಂದು ಗೋಡೆ ಬದಿಯ ಸ್ಟೂಲಿನಲ್ಲಿ ಕೂರುತ್ತಾರೆ. ಬೆಳ್ಳಿಮಣ್ಣನ್ನು ಮುಟ್ಟುವುದಿಲ್ಲ, ಒಳ್ಳೆಯದು ಕೆಟ್ಟದ್ದು ಒಂದೂ ಹೇಳುವುದಿಲ್ಲ. ಆರೂ ಜನ ಒಣಗಿದ ತುಂಡುಗಳನ್ನು ಉಜ್ಜಿ ಉಜ್ಜಿ ನಯ ಮಾಡುತ್ತಾರೆ. ಮೇಜಿನ ಮೇಲೆ, ನೆಲದ ಮೇಲೆ ಬೂದುಬಣ್ಣದ ಪುಡಿ ಉದುರುತ್ತದೆ. ತರಗತಿ ಮುಗಿಯುತ್ತದೆ, ಒಬ್ಬೊಬ್ಬರೇ ಹೊರಡುತ್ತಾರೆ.

ಆಗ ಮುದುಕರು ಅಂಗಿಯ ಜೇಬಿನಿಂದ ಸವೆದ ಬ್ರಷ್ಷೊಂದನ್ನು ತೆಗೆಯುತ್ತಾರೆ. ಯಾರ ಅಪ್ಪಣೆಯನ್ನೂ ಕೇಳದೆ ಮೇಜನ್ನು ಗುಡಿಸತೊಡಗುತ್ತಾರೆ. ಕಷ್ಟಪಟ್ಟು ಬಗ್ಗಿ ನೆಲವನ್ನೂ ಗುಡಿಸಿ, ಪುಡಿಯನ್ನೆಲ್ಲ ಕಾಗದಕ್ಕೆ ಎಳೆದುಕೊಂಡು ಪೊಟ್ಟಣ ಕಟ್ಟುತ್ತಾರೆ.

ಪುಡಿಯಕ್ಕ ಲಟ್ಟಣಿಗೆ ಒರೆಸುತ್ತಿದ್ದಾರೆ. ತಲೆಯೆತ್ತುವುದಿಲ್ಲ.

"ಮೂಲೇಲಿ ಇನ್ನೂ ಇದೆ ನೋಡಪ್ಪಾ," ಅನ್ನುತ್ತಾರೆ.

ಅಪ್ಪ ಪೊಟ್ಟಣ ಬಿಚ್ಚಿ ಮೂಲೆಗೆ ಹೋಗುತ್ತಾರೆ.